ಮೂರನೇ ಮಹಡಿಯ ಕೆಂಪು ವೈರು

ಲಿಫ್ಟ್ ರಿಪೇರಿ ಮಾಡುವವರ ಚೀಲದಲ್ಲಿ ಗೇಣುದ್ದದ ಒಂದು ವೈರು ಇರುತ್ತದೆ, ಎರಡೂ ತುದಿಗೆ ಕ್ಲಿಪ್ಪು. ನಾವು ಅದನ್ನು ಜಂಪರ್ ಎನ್ನುತ್ತೇವೆ. ಎಲ್ಲ ಮಹಡಿಗಳ ಬಾಗಿಲ ಲಾಕುಗಳೂ ಒಂದೇ ಸರ್ಕ್ಯೂಟಿನಲ್ಲಿ ಒಂದರ ಹಿಂದೊಂದು ಪೋಣಿಸಿಕೊಂಡಿರುತ್ತವೆ. ಒಂದೇ ಒಂದು ಬಾಗಿಲು ಸರಿಯಾಗಿ ಮುಚ್ಚದಿದ್ದರೂ ಲಿಫ್ಟು ಕದಲುವುದಿಲ್ಲ. ಯಾವ ಲಾಕು ಕೆಟ್ಟಿದೆ ಎಂದು ಹುಡುಕುವಾಗ ಒಂದೊಂದನ್ನೇ ಈ ವೈರಿನಿಂದ ದಾಟಿಸಿ ನೋಡುತ್ತೇವೆ. ವೈರು ಇರುವಷ್ಟು ಹೊತ್ತು ಆ ಮಹಡಿಯ ಬಾಗಿಲು ತೆರೆದಿದ್ದರೂ ಮುಚ್ಚಿದೆ ಎಂದೇ ಲಿಫ್ಟು ತಿಳಿಯುತ್ತದೆ. ಕೆಲಸ ಮುಗಿದ ಮೇಲೆ ತೆಗೆಯಲು ಮರೆತರೆ, ಯಾರೋ ಒಂದು ಕಾಲು ಒಳಗಿಟ್ಟು ಇನ್ನೊಂದನ್ನು ಎತ್ತುವಷ್ಟರಲ್ಲಿ ಅದು ಹೊರಟುಬಿಡಬಹುದು.

ಆ ವರ್ಷ, ವೈರು ತೆಗೆದೆನೋ ಇಲ್ಲವೋ ನನಗೆ ನೆನಪಿರುತ್ತಿರಲಿಲ್ಲ. ಹಾಗೆಂದರೆ ಪೂರ್ತಿ ಸರಿಯಾಗುವುದಿಲ್ಲ. ನೆನಪಿರುತ್ತಿತ್ತು, ಆದರೆ ಅದರ ಮೇಲೆ ನಂಬಿಕೆ ಇರುತ್ತಿರಲಿಲ್ಲ.

ಶುರುವಾದದ್ದು ಯಾವಾಗ ಎಂದು ಹೇಳಲಾರೆ. ನಮ್ಮ ಕಂಪನಿಯ ಇಬ್ಬರು ಇಂಜಿನಿಯರುಗಳು ಕೆಲಸ ಬಿಟ್ಟು ಹೋದರು. ಶಿವಾಜಿನಗರದಿಂದ ಕೆ.ಆರ್. ಪುರದವರೆಗಿನ ಕಟ್ಟಡಗಳೆಲ್ಲ ನನ್ನ ಪಾಲಿಗೆ ಬಂದವು. ಮೊದಲು ನಿದ್ದೆ ತುಂಡಾಯಿತು. ಆಮೇಲೆ ಬೆಳಿಗ್ಗೆ ಎದ್ದ ಕೂಡಲೇ, ಯಾರೂ ಏನೂ ಹೇಳುವ ಮೊದಲೇ, ಎದೆ ಹೊಡೆದುಕೊಳ್ಳತೊಡಗಿತು. ಫೋನ್ ರಿಂಗಾದರೆ ಅಂಗೈ ಬೆವರುತ್ತಿತ್ತು. ಕೆಲಸ ಮುಗಿಸಿ ಅರ್ಧ ದಾರಿ ಬಂದವನು ಬೈಕು ತಿರುಗಿಸಿ ಮತ್ತೆ ಹೋಗಿ, ಲಾಕುಗಳ ತಂತಿಗಳೆಲ್ಲ ಬಂದು ಸೇರುವ ಕಂಟ್ರೋಲ್ ಪ್ಯಾನೆಲ್ ತೆರೆದು ನೋಡತೊಡಗಿದೆ. ವೈರು ಇರುತ್ತಿರಲಿಲ್ಲ. ಸಮಾಧಾನವಾಗಿ ಮುಖ್ಯರಸ್ತೆಗೆ ಬರುವಷ್ಟರಲ್ಲಿ, ಈಗ ಸರಿಯಾಗಿ ನೋಡಿದೆನೇ ಎಂಬ ಪ್ರಶ್ನೆ ಹತ್ತಿಕೊಳ್ಳುತ್ತಿತ್ತು.

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ನಾನು. ಸಾಕ್ಷ್ಯವಿಲ್ಲದೆ ಏನನ್ನೂ ಒಪ್ಪಬಾರದೆಂದು ಕಲಿತದ್ದು ಈಗ ನನ್ನ ಮೇಲೆಯೇ ತಿರುಗಿಬಿತ್ತು. ಪ್ಯಾನೆಲ್ ಮುಚ್ಚುವ ಮೊದಲು ಫೋಟೋ ತೆಗೆಯಲು ಶುರು ಮಾಡಿದೆ. ಫೋಟೋದಲ್ಲಿ ವೈರು ಇರುತ್ತಿರಲಿಲ್ಲ, ಸರಿ. ಆದರೆ ಫೋಟೋ ತೆಗೆದ ಮೇಲೆ ಇನ್ನೊಮ್ಮೆ ಹಾಕಿ ನೋಡಿದೆನೇನೋ? ಅದಕ್ಕೆ ಫೋಟೋದ ಬಳಿ ಉತ್ತರವಿರಲಿಲ್ಲ.

ಇಂದಿರಾನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಹೀಗೆಯೇ ಅನುಮಾನ ಬಂದು, ಫೋನಿನಲ್ಲೇ ಸೆಕ್ಯೂರಿಟಿಯವರಿಗೆ ಹೇಳಿ ಲಿಫ್ಟ್ ನಿಲ್ಲಿಸಿದೆ. ಹೋಗಿ ನೋಡಿದರೆ ಏನೂ ಇಲ್ಲ. ಮರುದಿನ ನಮ್ಮ ಬ್ರಾಂಚ್ ಮ್ಯಾನೇಜರ್ ಮೇಡಂ ಕರೆಸಿದರು.

"ರೆಸಿಡೆಂಟ್ಸ್ ಎಲ್ಲಾ ಸೈನ್ ಮಾಡಿ ಮೇಲ್ ಹಾಕಿದ್ದಾರೆ. ಟಾಪ್ ಫ್ಲೋರ್ ಅಜ್ಜಿ ಮೆಟ್ಲು ಹತ್ತೋಕಾಗ್ದೆ ಮಧ್ಯದಲ್ಲೇ ಕೂತ್ಬಿಟ್ರಂತೆ. ಏನಿತ್ತು ಅಲ್ಲಿ?"

"ಏನೂ ಇರ್ಲಿಲ್ಲ ಮೇಡಂ."

"ಹೋದ ತಿಂಗ್ಳೂ ಏನೂ ಇರ್ಲಿಲ್ಲ. ನೋಡಿ, ನಿಮ್ಮ ಕೆಲ್ಸ ಚೆನ್ನಾಗಿದೆ, ನಾನು ಇಲ್ಲ ಅನ್ನಲ್ಲ. ಆದ್ರೆ ಇನ್ನೊಂದ್ಸಲ ಸುಮ್‌ಸುಮ್ನೆ ಲಿಫ್ಟ್ ನಿಲ್ಸಿದ್ರೆ ನಿಮ್ಮನ್ನ ಸೈಟ್‌ನಿಂದ ತೆಗೀಲೇಬೇಕಾಗುತ್ತೆ. ಮೇಲಿನವ್ರಿಗೆ ನಾನ್ ಏನಂತ ಹೇಳ್ಲಿ?"

ಸೈಟ್ ಇಲ್ಲವೆಂದರೆ ಕೆಲಸವೇ ಇಲ್ಲವೆಂದು ಅರ್ಥ. ಇನ್ನು ಮೇಲೆ ಅನುಮಾನ ಬಂದರೂ ಬಾಯಿ ಬಿಡಬಾರದೆಂದು ತೀರ್ಮಾನಿಸಿದೆ.

ಆ ತೀರ್ಮಾನದೊಂದಿಗೆ ಶಿವಾಜಿನಗರದ ಕೆಲಸಕ್ಕೆ ಹೋದೆ. ರಸೆಲ್ ಮಾರುಕಟ್ಟೆಯ ಹಿಂದಿನ ಹಳೆಯ ಕಟ್ಟಡ. ಕೆಳಗೆ ಮಾಲೀಕರದೇ ಬಟ್ಟೆ ಅಂಗಡಿ, ಮೂರನೇ ಮಹಡಿಯಲ್ಲಿ ಒಂದು ಫಿಸಿಯೋಥೆರಪಿ ಸೆಂಟರ್. ಲಿಫ್ಟಿಗೆ ಕೈಯಿಂದ ಎಳೆದು ತೆರೆಯುವ ಬಾಗಿಲು. ವಾಕರ್ ಹಿಡಿದವರು, ಪಾರ್ಶ್ವವಾಯು ಬಡಿದವರು, ಮೊಣಕಾಲು ಆಪರೇಷನ್ ಆದವರು ಅದರಲ್ಲಿ ಓಡಾಡುತ್ತಿದ್ದರು. ಅವರು ಒಳಗೆ ಕಾಲಿಡಲು ಬಹಳ ಹೊತ್ತು ಬೇಕು. ಆ ಲಿಫ್ಟು ಕೆಲವು ವಾರಗಳಿಂದ ಮನಸ್ಸು ಬಂದಾಗ ನಿಲ್ಲುತ್ತಿತ್ತು. ನಾವು ಹೋದಾಗ ಸರಿಯಾಗಿ ಓಡುತ್ತಿತ್ತು.

ಬಟ್ಟೆ ಅಂಗಡಿಯ ಯಜಮಾನರು ಪ್ರತಿ ಸಲವೂ ಒಂದೇ ಮಾತು ಕೇಳುತ್ತಿದ್ದರು. "ಕ್ಯಾ ಇಂಜಿನಿಯರ್ ಸಾಬ್, ನಿಮ್ಮನ್ನ ನೋಡಿದ್ರೆ ಇದಕ್ಕೆ ಜ್ವರ ಇಳಿಯುತ್ತೆ. ನೀವು ಇಲ್ಲೇ ಮನೆ ಮಾಡ್ಬಿಡಿ."

ನನ್ನ ಜೊತೆ ಇದ್ದದ್ದು ಕಲಬುರಗಿ ಕಡೆಯ ಟೆಕ್ನಿಷಿಯನ್. ರಾಮಮೂರ್ತಿ ನಗರದಲ್ಲಿ ಬಾಡಿಗೆ ರೂಮು. ಚುರುಕು ಕೈ, ಅಷ್ಟೇ ಚುರುಕು ಬಾಯಿ. ನಾನು ಮತ್ತೆ ಮತ್ತೆ ಪ್ಯಾನೆಲ್ ತೆರೆಯುವುದನ್ನು ನೋಡಿ, "ಒಳಗ ಕೋಳಿ ಮೊಟ್ಟಿ ಇಟ್ಟದೇನ್ರಿ ಸರ?" ಎಂದು ಕೇಳುತ್ತಿದ್ದ. ನಾನು ನಗುತ್ತಿದ್ದೆ. ಅವನಿಗೂ ನಾನು ಏನನ್ನೂ ಹೇಳಿರಲಿಲ್ಲ.

ಕೊನೆಗೊಂದು ಬೆಳಿಗ್ಗೆ ನಾವಿರುವಾಗಲೇ ಲಿಫ್ಟ್ ನಿಂತಿತು. ಹಳೆಯ ಪ್ಯಾನೆಲ್ ಆದ್ದರಿಂದ ಪ್ರತಿ ಮಹಡಿಯ ಲಾಕಿನ ತಂತಿಗಳೂ ತಾರಸಿಯ ಮೇಲಿನ ಮಷಿನ್ ರೂಮಿನವರೆಗೆ ಬಂದಿದ್ದವು. ಟೆಕ್ನಿಷಿಯನ್ ಅಲ್ಲಿ ಕೂತು ಒಂದೊಂದೇ ಮಹಡಿಗೆ ಜಂಪರ್ ಹಾಕುತ್ತಾ ಬಂದ. ಮೂರನೆಯದಕ್ಕೆ ಹಾಕಿದಾಗ ಲಿಫ್ಟು ಓಡಿತು. ಮೂರನೇ ಮಹಡಿಯ ಲಾಕೇ ಕಳ್ಳ. ವೈರನ್ನು ಹಾಗೆಯೇ ಬಿಟ್ಟು, ನಾನು ಲಿಫ್ಟಿನ ತಲೆಯ ಮೇಲೆ ಹತ್ತಿ ನಿಂತು ನಿಧಾನಗತಿಯಲ್ಲಿ ಆ ಬಾಗಿಲಿನ ಎತ್ತರಕ್ಕೆ ಬಂದೆ. ಲಾಕಿನೊಳಗಿನ ತಾಮ್ರದ ಪಟ್ಟಿ ಕಪ್ಪಿಟ್ಟಿತ್ತು, ಅದರ ಸ್ಪ್ರಿಂಗು ಸೋತಿತ್ತು. ಉಪ್ಪುಕಾಗದದಿಂದ ಉಜ್ಜಿ, ಪಟ್ಟಿಯನ್ನು ಸ್ವಲ್ಪ ಬಗ್ಗಿಸಿ ಕೂರಿಸಿದೆ. ಬಾಗಿಲಿನ ಆಚೆ ಕ್ಯೂ ನಿಂತಿತ್ತು. ಸೆಂಟರಿನ ಅಟೆಂಡರ್ ಬಾಗಿಲು ತಟ್ಟುತ್ತಲೇ ಇದ್ದ. "ಸಾರ್, ಎಷ್ಟೊತ್ತು? ಇಲ್ಲೊಬ್ರು ನಿಂತ್ಕೊಳ್ಳೋಕೇ ಆಗ್ತಿಲ್ಲ ಅಂತಿದ್ದಾರೆ!"

ನಾನು ಟೆಕ್ನಿಷಿಯನ್‌ಗೆ ಫೋನ್ ಮಾಡಿದೆ. "ಮುಗೀತು. ವೈರ್ ತೆಗೀರಿ."

"ಆತ್ರಿ ಸರ," ಎಂದ.

ನಾನು ಮೇಲಕ್ಕೆ ಹೋಗುವ ಬಟನ್ ಒತ್ತಿದೆ. ಲಿಫ್ಟು ಓಡಿತು. ವೈರು ಇಲ್ಲದೆಯೂ ಓಡುತ್ತಿದೆಯೆಂದರೆ ಲಾಕು ಸರಿಯಾಗಿದೆ ಎಂದರ್ಥ. ಎಷ್ಟೋ ವಾರಗಳ ನಂತರ ಎದೆ ಹಗುರಾಯಿತು. ನಾನು ತಾರಸಿಗೆ ಹತ್ತಿ ಬರುವಷ್ಟರಲ್ಲಿ ಟೆಕ್ನಿಷಿಯನ್ ಅಲ್ಲಿರಲಿಲ್ಲ, ಅಟೆಂಡರ್ ಅವನನ್ನು ಗಾಲಿಕುರ್ಚಿ ಎತ್ತಲು ಕರೆದುಕೊಂಡು ಹೋಗಿದ್ದ. ಪ್ಯಾನೆಲ್ ಬಾಗಿಲು ಓರೆಯಾಗಿತ್ತು. ಮುಚ್ಚಿದೆ. ಮುಚ್ಚುವ ಮೊದಲು ಒಳಗೆ ನೋಡಿದೆನೇ? ನೋಡಿದ ಹಾಗೆ ಈಗಲೂ ಕಣ್ಣ ಮುಂದೆ ಬರುತ್ತದೆ. ಆದರೆ ಆ ಪ್ಯಾನೆಲನ್ನು ನಾನು ಎಷ್ಟು ಸಲ ನೋಡಿದ್ದೆನೆಂದರೆ ಯಾವ ನೋಟ ಯಾವ ದಿನದ್ದು ಎಂದು ಬೇರ್ಪಡಿಸಲು ಸಾಧ್ಯವಿರಲಿಲ್ಲ. ಅವತ್ತು ಫೋಟೋ ತೆಗೆಯಲಿಲ್ಲ. ಬಾಯಿ ಬಿಡಬಾರದು, ಹಿಂದೆ ತಿರುಗಬಾರದು ಎಂಬ ಹಟದಲ್ಲಿದ್ದೆ.

ಟೆಕ್ನಿಷಿಯನ್ ಚೀಲ ಹೊತ್ತು ಬಸ್ ಹತ್ತಿದ. ನಾನು ಬೈಕಿನಲ್ಲಿ ಹಲಸೂರಿಗೆ ಬಂದು ಕೆರೆಯ ಹತ್ತಿರದ ಒಂದು ಟೀ ಅಂಗಡಿಯ ಮುಂದೆ ನಿಂತೆ. "ಒಂದು ಟೀ, ಸಕ್ಕರೆ ಕಮ್ಮಿ," ಎಂದೆ.

"ಆಯ್ತು ಸಾರ್," ಎಂದ ಅಂಗಡಿಯವನು. ಅವನ ಕೈ ಇನ್ನೂ ಬೇರೆಯವರ ಬೋಂಡಾ ಕಟ್ಟುತ್ತಿತ್ತು. ಟೀಗೆ ಹಾಲೂ ಕಾದಿರಲಿಲ್ಲ.

ನಾನು ಅವನ ಮುಖವನ್ನೇ ನೋಡುತ್ತಾ ನಿಂತೆ. ಟೀ ಆಗಿರಲಿಲ್ಲ. ಆದರೂ ಅವನು ಆಯ್ತು ಎಂದಿದ್ದ, ನನಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ. ನಮ್ಮ ಭಾಷೆಯಲ್ಲಿ ಮುಗಿಸಿದವನೂ ಆಯ್ತು ಎನ್ನುತ್ತಾನೆ, ಇನ್ನು ಶುರು ಮಾಡಬೇಕಾದವನೂ ಆಯ್ತು ಎನ್ನುತ್ತಾನೆ. ಆತ್ರಿ ಎಂದವನು ವೈರು ತೆಗೆದಾಗಿದೆ ಎಂದನೋ, ತೆಗೆಯುತ್ತೇನೆ ಎಂದನೋ? ನಾನಾಗ ಲಿಫ್ಟಿನ ತಲೆಯ ಮೇಲಿದ್ದೆ. ಆ ಕ್ಷಣಕ್ಕೇ ತೆಗೆದು, ಲಾಕು ಸರಿಯಾಗಿರದಿದ್ದರೆ, ನಾನು ಎರಡು ಮಹಡಿಗಳ ನಡುವೆ ಸಿಕ್ಕಿಕೊಳ್ಳುತ್ತಿದ್ದೆ. ಕೆಲಸ ತಿಳಿದ ಯಾವ ಟೆಕ್ನಿಷಿಯನ್ ಆದರೂ ನಾನು ಇಳಿಯುವವರೆಗೆ ಕಾಯುತ್ತಾನೆ. ಲಿಫ್ಟು ಓಡಿದ್ದು ಲಾಕಿನಿಂದಲೋ ವೈರಿನಿಂದಲೋ? ಲಾಕು ಸರಿಯಾಗಿದೆ ಎಂಬ ನನ್ನ ಇಡೀ ತರ್ಕ ಆ ಒಂದು ಮಾತಿನ ಮೇಲೆ ನಿಂತಿತ್ತು.

ಅವನಿಗೆ ಫೋನ್ ಮಾಡಿದೆ. ಬಸ್ಸಿನ ಗದ್ದಲ.

"ವೈರ್ ತೆಗೆದ್ರಾ ನೀವು?"

"ಮತ್ತ ಶುರು ಆತೇನ್ರಿ ಸರ ನಿಮ್ದು?"

"ಹೇಳ್ರೀ. ನಾನು ಹೇಳಿದ ತಕ್ಷಣ ತೆಗೆದ್ರಾ?"

"ಆವಾಗ್ ಹ್ಯಾಂಗ್ ತೆಗೀಲಿ? ನೀವ್ ಮ್ಯಾಲ ನಿಂತಿದ್ರಿ. ನೀವ್ ಇಳದ ಮ್ಯಾಲ ತೆಗದೀನಿ... ತೆಗದೆ ಅನಸ್ತದ್ರಿ. ಅಷ್ಟರಾಗ ಆ ಅಟೆಂಡರ್ ಬಂದು ಕೈ ಹಿಡದು ಎಳಕೊಂಡು ಹ್ವಾದ." ಚೀಲದ ಜಿಪ್ ಎಳೆದ ಸದ್ದು. "ತಡೀರಿ, ಚೀಲದಾಗ ನೋಡ್ತೀನಿ. ಎರಡು ಕೆಂಪು ವೈರ್ ಅದಾವ್ರಿ. ನಮ್ಮವು ಎರಡೋ ಮೂರೋ?"

ನನಗೂ ಗೊತ್ತಿರಲಿಲ್ಲ.

ಟೀ ಬಂದಿತ್ತು. ಲೋಟವನ್ನು ಕಟ್ಟೆಯ ಮೇಲಿಟ್ಟೆ. ಬೆನ್ನು ಬೆವರುತ್ತಿತ್ತು, ಆದರೆ ಅದು ದಿನವೂ ಬೆವರುತ್ತಿತ್ತು. ಎದೆ ಹೊಡೆದುಕೊಳ್ಳುತ್ತಿತ್ತು, ಅದೂ ದಿನದ್ದೇ. ಇದು ನನ್ನ ಎಂದಿನ ಭೂತವೋ ನಿಜವೋ, ದೇಹ ಹೇಳುವಂತಿರಲಿಲ್ಲ. ಮೇಡಂ ಮಾತು ಕಿವಿಯಲ್ಲಿತ್ತು. ಇನ್ನೊಂದು ಕಡೆ, ವಾಕರ್ ಎತ್ತಿ ಒಳಗಿಡುತ್ತಿರುವ ಯಾರೋ ಒಬ್ಬರು. ಕಟ್ಟಡದ ಯಜಮಾನರಿಗೆ ಫೋನ್ ಮಾಡಿದೆ.

ಸ್ವಿಚ್ ಆಫ್ ಮಾಡಿ ಎಂದರೆ ಒಳಗಿದ್ದವರು ಸಿಕ್ಕಿಕೊಳ್ಳುತ್ತಾರೆ. ಆದ್ದರಿಂದ ಹೀಗೆ ಹೇಳಿದೆ: "ಲಿಫ್ಟ್ ಕೆಳಗೆ ಕರೆಸಿ. ಒಳಗೆ ಯಾರೂ ಇಲ್ಲ ಅಂತ ನೋಡಿ. ಕೆಳಗಿನ ಬಾಗಿಲು ತೆರೆದೇ ಇಟ್ಟು ಅಡ್ಡಲಾಗಿ ಏನಾದ್ರೂ ಇಡಿ. ನಾನು ಬರೋವರೆಗೂ ತೆಗೀಬೇಡಿ." ಜಂಪರ್ ಇದ್ದರೂ ಅದು ಮೂರನೇ ಮಹಡಿಯದು ಮಾತ್ರ. ಕೆಳಗಿನ ಲಾಕು ತನ್ನ ಕೆಲಸ ಮಾಡುತ್ತಿತ್ತು.

"ಅರೇ ಸಾಬ್! ಈಗ ತಾನೇ ಚೆನ್ನಾಗಿ ಓಡ್ತಾ ಇದೆ. ಮೇಲೆ ಪೇಶಂಟ್ ತುಂಬಿದ್ದಾರೆ. ಯಾಕೆ ನಿಲ್ಲಿಸ್ಬೇಕು?"

"ಒಂದು ವೈರ್ ಒಳಗೇ ಉಳಿದಿರಬಹುದು."

"ಇರಬಹುದಾ, ಇದೆಯಾ?"

"ಗೊತ್ತಿಲ್ಲ," ಎಂದೆ. ಆ ತಿಂಗಳುಗಳಲ್ಲಿ ನಾನು ಒಬ್ಬ ಗಿರಾಕಿಗೆ ಆ ಪದ ಹೇಳಿದ್ದು ಅದೇ ಮೊದಲು.

ನಾನು ತಲುಪಿದಾಗ ಯಜಮಾನರು ಸ್ವತಃ ಅಂಗಡಿಯ ಸ್ಟೂಲನ್ನು ಲಿಫ್ಟಿನ ಹೊಸ್ತಿಲಿಗೆ ಅಡ್ಡಲಾಗಿ ಹಾಕಿ, ಕೈಕಟ್ಟಿ ಕೂತಿದ್ದರು. ನನ್ನತ್ತ ನೋಡಲಿಲ್ಲ. ಮೆಟ್ಟಿಲು ಹತ್ತಿ ತಾರಸಿಗೆ ಹೋಗಿ, ಮೇನ್ ಆಫ್ ಮಾಡಿ, ಪ್ಯಾನೆಲ್ ತೆರೆದೆ.

ವೈರು ಅಲ್ಲೇ ಇತ್ತು.

ಕಿತ್ತು ಜೇಬಿಗೆ ಹಾಕಿಕೊಂಡೆ. ಮೇನ್ ಆನ್ ಮಾಡಿ, ಕೆಳಗೆ ಬಾಗಿಲು ಮುಚ್ಚಿಸಿ, ಓಡಿಸಿ ನೋಡಿದೆ. ಲಿಫ್ಟು ಕದಲಲಿಲ್ಲ. ನಾನು ಬಗ್ಗಿಸಿದ ತಾಮ್ರದ ಪಟ್ಟಿ ಮತ್ತೆ ಸೋತಿತ್ತು, ಅಥವಾ ಸರಿಯಾಗಿಯೇ ಇರಲಿಲ್ಲ.

ಕೆಳಗಿದ್ದವರ ಕಣ್ಣಿಗೆ ಕಂಡದ್ದು ಇಷ್ಟೇ: ಓಡುತ್ತಿದ್ದ ಲಿಫ್ಟು, ಇಂಜಿನಿಯರ್ ಬಂದು ಮುಟ್ಟಿದ ಮೇಲೆ ಕೆಟ್ಟುಹೋಯಿತು. "ವಾಹ್," ಎಂದರು ಯಜಮಾನರು. "ರಿಪೇರಿ ಮಾಡಿ ಹೋಗಿದ್ರಿ, ಮರೆತುಹೋಯ್ತು ಅಂತ ವಾಪಸ್ ಬಂದು ಕೆಡಿಸಿದ್ರಾ?" ವೈರು ತೋರಿಸಿ, ಅದು ಅಲ್ಲೇ ಉಳಿದಿದ್ದರೆ ಏನಾಗುತ್ತಿತ್ತು ಎಂದು ವಿವರಿಸಿದೆ. ಅವರು ಸ್ಟೂಲನ್ನು ಎತ್ತಿ ಅಂಗಡಿಯೊಳಗೆ ಇಟ್ಟು ಬಂದರು. ಆಮೇಲೆ ಮೆಲ್ಲಗೆ, "ಮೇಲೆ ಇರೋವ್ರನ್ನ ಇಳಿಸ್ಬೇಕಲ್ಲ, ಬನ್ನಿ," ಎಂದರು. ಅರ್ಧ ದಾರಿಯಲ್ಲೇ ಬಸ್ ಇಳಿದು ವಾಪಸ್ ಬಂದ ಟೆಕ್ನಿಷಿಯನ್, ಅಟೆಂಡರ್, ಯಜಮಾನರು, ನಾನು ಸೇರಿ ಒಬ್ಬೊಬ್ಬರನ್ನೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಳಿಸಿದೆವು. ಟೆಕ್ನಿಷಿಯನ್ ಒಂದೂ ಜೋಕ್ ಹೇಳಲಿಲ್ಲ.

ಮರುದಿನ ಹೊಸ ಲಾಕು ಹಾಕಿದೆವು. ಮೇಡಂಗೆ ಎಲ್ಲವನ್ನೂ ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿದ್ದವನಿಗೆ ಅವರು, "ನಿಮ್ಮ ಡೌಟ್ ಕರೆಕ್ಟ್ ಆಗಿತ್ತು ಅಲ್ವಾ? ಗುಡ್ ಕ್ಯಾಚ್," ಎಂದರು.

ನನಗೆ ಅದಕ್ಕಿಂತ ಕೆಟ್ಟ ಮಾತು ಬೇರೆ ಇರಲಿಲ್ಲ. ಅಲ್ಲಿಯವರೆಗೆ ನನ್ನ ಅನುಮಾನಗಳನ್ನು ನಾನೇ ನಂಬುತ್ತಿರಲಿಲ್ಲ, ನಾಚಿಕೊಂಡು ಪಾಲಿಸುತ್ತಿದ್ದೆ. ಈಗ ಅವಕ್ಕೆ ಸಾಕ್ಷ್ಯ ಸಿಕ್ಕಿತು. ಒಂದು ಸಲ ನಿಜವಾದದ್ದು ಪ್ರತಿ ಸಲವೂ ನಿಜವಾಗಬಹುದು. ಮುಂದಿನ ದಿನಗಳಲ್ಲಿ ನಾನು ಮುಗಿಸಿದ ಪ್ರತಿ ಲಿಫ್ಟಿಗೂ ಹಿಂತಿರುಗಿದೆ. ಊಟ ಬಿಟ್ಟೆ. ಹಿಂತಿರುಗಿದ ಕಡೆಗೇ ಮತ್ತೆ ಹಿಂತಿರುಗಿದೆ.

ಅಂಥದ್ದೇ ಒಂದು ಮಧ್ಯಾಹ್ನ ಕೆ.ಆರ್. ಪುರದ ಕಟ್ಟಡವೊಂದರಲ್ಲಿ ನಿವೃತ್ತ ಟೀಚರ್ ಒಬ್ಬರು ಲಿಫ್ಟಿನಲ್ಲಿ ಸಿಕ್ಕಿಕೊಂಡರು. ಕರೆ ಬಂದಾಗ ನಾನು ಹತ್ತಿರದಲ್ಲೇ ಇರಬೇಕಿತ್ತು. ಇದ್ದದ್ದು ಇಂದಿರಾನಗರದಲ್ಲಿ, ಬೆಳಿಗ್ಗೆಯಷ್ಟೇ ನೋಡಿದ್ದ ಪ್ಯಾನೆಲಿನ ಮುಂದೆ. ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಬೈಕು ನಿಂತಲ್ಲೇ ನಿಂತಿತು. ಕೊನೆಗೆ ಬಾಗಿಲು ತೆರೆದಾಗ ಅವರು ನೆಲದ ಮೇಲೆ ಕೂತಿದ್ದರು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು.

"ಈಗ ಬರ್ತಾರೆ, ಈಗ ಬರ್ತಾರೆ ಅಂತ ಹೊರಗಿನವ್ರು ಹೇಳ್ತಾನೇ ಇದ್ರು," ಎಂದರು. "ನೀವೇನಾ ಬರಬೇಕಾಗಿದ್ದೋರು?"

ನಾನೇ ಎಂದೆ. ನನ್ನ ಎಚ್ಚರಿಕೆ ಯಾರನ್ನೋ ಕಾಪಾಡುತ್ತಿದೆ ಎಂಬ ವಾದ ಅಲ್ಲಿಗೆ ಮುಗಿಯಿತು. ಅಲ್ಲಿಂದ ನೇರವಾಗಿ ಆಫೀಸಿಗೆ ಹೋದೆ.

"ಮೇಡಂ, ನನ್ನನ್ನ ಸೈಟ್‌ನಿಂದ ತೆಗೀರಿ. ನಾನು ಮಾಡಿದ ಕೆಲಸ ಮಾಡಿದ್ದೀನಿ ಅಂತ ನನಗೇ ನಂಬೋಕಾಗ್ತಿಲ್ಲ. ತಿಂಗಳುಗಳಿಂದ ಹೀಗೇ."

ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತರು. "ಇದನ್ನ ಮೊದ್ಲೇ ಹೇಳೋಕೇನಾಗಿತ್ರೀ?"

"ಸೈಟ್‌ನಿಂದ ತೆಗೀತೀನಿ ಅಂದಿದ್ರಲ್ಲ."

ಅವರು ಪೆನ್ನನ್ನು ಕೆಳಗಿಟ್ಟರು. "ದೊಡ್ಡನೆಕ್ಕುಂದಿ ವರ್ಕ್‌ಶಾಪ್‌ನಲ್ಲಿ ಲಾಕ್‌ಗಳೆಲ್ಲಾ ರಿಪೇರಿ ಇಲ್ದೆ ಬಿದ್ದಿವೆ. ಅಲ್ಲಿ ಕೂತ್ಕೊಳ್ಳಿ. ಡಾಕ್ಟರ್ ಹತ್ರ ಹೋಗಿ. ಹೋದ್ರೆ ಮಾತ್ರ ಆ ಕೆಲ್ಸ," ಎಂದರು.

ಹೋದೆ. ಮಾತ್ರೆಗಳನ್ನು ಒಪ್ಪಿಕೊಳ್ಳಲು ತಡ ಮಾಡಿದೆ, ಪ್ರತಿಯೊಂದನ್ನೂ ಪ್ರಶ್ನಿಸಿದೆ. ಮನೋವೈದ್ಯರು ಸಹನೆಯಿಂದ ಕೇಳಿಸಿಕೊಂಡರು. ಹೆಚ್ಚು ಪರೀಕ್ಷಿಸಿದಷ್ಟೂ ನೆನಪು ಇನ್ನಷ್ಟು ಕಲಸಿಹೋಗುತ್ತದೆ, ಆದ್ದರಿಂದ ಪರೀಕ್ಷಿಸುವುದನ್ನೇ ಬಿಡಬೇಕು ಎಂದರು. ನನ್ನ ಬಳಿ ಒಂದು ತುರುಪಿನ ಎಲೆ ಇತ್ತು.

"ಶಿವಾಜಿನಗರದಲ್ಲಿ ವೈರು ಇತ್ತಲ್ಲ ಡಾಕ್ಟ್ರೇ. ಬಿಟ್ಟಿದ್ದಿದ್ರೆ?"

"ಇತ್ತು. ಅವತ್ತು ನಿಮಗೆ ಗೊತ್ತಾಗಿದ್ದು ಹೇಗೆ?"

ಟೀ ಅಂಗಡಿಯ ವಿಷಯ ಹೇಳಿದೆ.

"ಅಂದ್ರೆ ನಿಮಗೊಂದು ಕಾರಣ ಸಿಕ್ತು. ಇನ್ನೊಬ್ಬರಿಗೆ ಹೇಳಿದ್ರೂ ಅರ್ಥ ಆಗೋಂಥ ಕಾರಣ. ಇಂದಿರಾನಗರದಲ್ಲಿ ಏನಿತ್ತು?"

ನಾನು ಯೋಚಿಸಿದೆ. ಇಂದಿರಾನಗರದಲ್ಲಿ ಭಯ ಬಿಟ್ಟರೆ ಬೇರೇನೂ ಇರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಕಲಿತ ಸಂಶಯಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅಷ್ಟೇ ಎಂದು ನನಗೆ ತಿಳಿಯಲು ಇಷ್ಟು ದಿನ ಬೇಕಾಯಿತು. ತಿಳಿದದ್ದರಿಂದ ಎದೆಬಡಿತ ನಿಲ್ಲಲಿಲ್ಲ. ವರ್ಕ್‌ಶಾಪಿನ ಬೆಂಚಿನ ಮುಂದೆ ಕೂತು ತಿಂಗಳುಗಟ್ಟಲೆ ಲಾಕು ಬಿಚ್ಚಿ ಕೂಡಿಸಿದೆ. ನಿದ್ದೆ ಸ್ವಲ್ಪ ಸ್ವಲ್ಪವಾಗಿ ಮರಳಿತು.

ಮತ್ತೆ ಸೈಟಿಗೆ ಹೋಗುವ ಮೊದಲು ಮೇಡಂ, ಟೆಕ್ನಿಷಿಯನ್, ನಾನು ಮೂವರೂ ಕೂತು ಮಾತಾಡಿದೆವು. ವೈರು ತೆಗೆದವನು ಬಾಯಿಬಿಟ್ಟು "ತೆಗೆದೆ" ಎನ್ನಬೇಕು. ಇನ್ನೊಬ್ಬ ಒಂದು ಸಲ, ಒಂದೇ ಸಲ, ನೋಡಿ "ನೋಡಿದೆ" ಎನ್ನಬೇಕು. ಆಮೇಲೆ ಪ್ರತಿ ಮಹಡಿಯ ಬಾಗಿಲನ್ನೂ ಒಂದೊಂದಾಗಿ ತೆರೆದಿಟ್ಟು, ಲಿಫ್ಟು ಓಡುವುದಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು, ಕ್ಯೂ ಎಷ್ಟೇ ಉದ್ದವಿರಲಿ. ಅಲ್ಲಿಂದ ಮುಂದೆ ಕಾರಣವಿಲ್ಲದೆ ಹಿಂತಿರುಗುವಂತಿಲ್ಲ.

ಮೊದಲ ಕೆಲಸ ಇಂದಿರಾನಗರದಲ್ಲಿ ಬಂತು. ಹೇಳಿದ ಹಾಗೆಯೇ ಎಲ್ಲವನ್ನೂ ಮಾಡಿದೆವು. ಮೆಟ್ರೋ ಪ್ಲಾಟ್‌ಫಾರ್ಮಿನ ಮೇಲೆ ರೈಲಿಗೆ ಕಾಯುವಾಗ ಆ ಅನುಮಾನ ಬಂತು, ಮೊದಲಿನಷ್ಟೇ ಜೋರಾಗಿ. ನೋಡಿದೆ ಎಂದೆನಲ್ಲ, ನಿಜವಾಗಿ ನೋಡಿದೆನೇ? ಕಾಲು ತಾನಾಗಿ ಮೆಟ್ಟಿಲ ಕಡೆ ತಿರುಗಿತು.

"ಯಾಕ್ರಿ ಸರ, ಹೊಳ್ಳಿ ಹೋಗೂದೇನು?" ಎಂದ ಟೆಕ್ನಿಷಿಯನ್. ಛೇಡಿಸುವ ದನಿಯಲ್ಲ. ಹೌದು ಎಂದಿದ್ದರೆ ಬರುತ್ತಿದ್ದ.

ನೀವು ತೆಗೆದಿರಿ ತಾನೇ ಎಂದು ಒಂದು ಸಲ ಕೇಳಿಬಿಡುವ ಆಸೆ ನಾಲಗೆಯ ತುದಿಗೆ ಬಂತು. ಕೇಳುವುದೂ ಹಿಂತಿರುಗಿ ನೋಡಿದಂತೆಯೇ. ಅವನಿಗೆ ಹೇಳಬಹುದಾದ ಒಂದು ಕಾರಣವನ್ನು ಹುಡುಕಿದೆ. ಸಿಗಲಿಲ್ಲ.

"ಹೋಗ್ಬೇಕು ಅನ್ನಿಸ್ತಿದೆ," ಎಂದೆ. "ಹೋಗಲ್ಲ."

ರೈಲು ಬಂತು. ಹತ್ತಿ ಕಂಬಿ ಹಿಡಿದು ನಿಂತೆವು. ಬೆನ್ನಿಗಾನಹಳ್ಳಿ ದಾಟಿದರೂ ಕಂಬಿ ಅಂಗೈಯಲ್ಲಿ ಜಾರುತ್ತಲೇ ಇತ್ತು. ಕೆ.ಆರ್. ಪುರದಲ್ಲಿ ಬಾಗಿಲು ತೆರೆಯಿತು. ಅಲ್ಲಿನ ಕಟ್ಟಡವೊಂದರಲ್ಲಿ ನಮಗಾಗಿ ಇನ್ನೊಂದು ಲಿಫ್ಟು ಕೆಟ್ಟು ನಿಂತಿತ್ತು, ಜನ ಮೆಟ್ಟಿಲು ಹತ್ತುತ್ತಿದ್ದರು. ಎದೆ ಹೊಡೆದುಕೊಳ್ಳುತ್ತಿರುವಂತೆಯೇ ಇಳಿದು ಅದರ ಕಡೆಗೆ ನಡೆದೆ.